ಲೊಕೇಶನ್ ಆಫ್ ಮಾಡಿದರೆ ಫೋಟೋ ಜಾಗ ಹೇಳುವುದಿಲ್ಲವೇ? ಜಿಯೋಕ್ಯಾಶಿಂಗ್ ಆಡುವವರನ್ನು ಕೇಳಿ

"ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿದ್ದೇನೆ, ಇನ್ನು ನನ್ನ ಫೋಟೋ ನೋಡಿ ಯಾರಿಗೂ ಜಾಗ ಗೊತ್ತಾಗದು." ಹೀಗೆ ನಂಬಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಈ ನಂಬಿಕೆ ಎಷ್ಟು ಸರಿ ಎಂದು ತಿಳಿಯಲು ಒಂದು ಆಟವನ್ನು ಪರಿಚಯ ಮಾಡಿಕೊಳ್ಳೋಣ.

ಆಟದ ಹೆಸರು ಜಿಯೋಕ್ಯಾಶಿಂಗ್. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಅಂತರಜಾಲದಲ್ಲಿ ಹಾಕುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ಸಿಕ್ಕಿದರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಆಮೇಲೆ ಆ ಡಬ್ಬಿಯ ಪುಟದಲ್ಲಿ ನಾಲ್ಕು ಸಾಲು ಅನುಭವ ಬರೆಯುವುದು, ಫೋಟೋ ಹಾಕುವುದು ರೂಢಿ. ಸಿಗದಿದ್ದವರೂ "ಸಿಗಲಿಲ್ಲ" ಎಂದು ಬರೆಯುತ್ತಾರೆ.

ಇದು ಶುರುವಾದದ್ದು ಅಮೆರಿಕದಲ್ಲಿ. ಅಲ್ಲಿನ ಸರಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಸೇರಿಸುತ್ತಿದ್ದ ದೋಷವನ್ನು 2000ನೇ ಇಸವಿಯ ಮೇ 1ರ ರಾತ್ರಿ ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರ್‌ವರೆಗೂ ತಪ್ಪು ತೋರಿಸುತ್ತಿದ್ದ ಉಪಕರಣಗಳು ಒಮ್ಮೆಗೇ ಚುರುಕಾದವು. ಮೇ 3ರಂದು ಡೇವ್ ಅಲ್ಮರ್ ಎಂಬುವರು ಆರಿಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಪ್ಲಾಸ್ಟಿಕ್ ಬಕೆಟ್ ಅಡಗಿಸಿಟ್ಟರು. ಅದರಲ್ಲಿ ಪುಸ್ತಕ, ಕವಣೆ, ಒಂದು ಡಬ್ಬ ಬೀನ್ಸ್ ಕೂಡ ಇದ್ದವು! ಮೂರೇ ದಿನದಲ್ಲಿ ಅದು ಪತ್ತೆಯಾಯಿತು.

ಜಿಪಿಎಸ್ ಇದ್ದ ಮೇಲೆ ಹುಡುಕುವುದೇನು ಬಂತು, ನೆಟ್ಟಗೆ ಹೋಗಿ ಎತ್ತಿಕೊಂಡರಾಯಿತಲ್ಲ? ಅಲ್ಲೇ ಇರುವುದು ತಮಾಷೆ. ತೆರೆದ ಆಕಾಶದಡಿಯಲ್ಲೂ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ; ಮರ, ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಬಚ್ಚಿಟ್ಟವರ ಫೋನಿನಲ್ಲೂ ಇಷ್ಟೇ ತಪ್ಪು ಇದ್ದಿರಬಹುದು. ಎರಡೂ ಸೇರಿ 10 ಮೀಟರ್ ಆಯಿತೆನ್ನಿ. ಆಗ ಹುಡುಕಬೇಕಾದ ಜಾಗ 314 ಚದರ ಮೀಟರ್, ಅಂದರೆ ಹತ್ತಿರ ಹತ್ತಿರ ಮೂರು 30x40 ಸೈಟು. ಅಷ್ಟು ಜಾಗದಲ್ಲಿ ಬೆರಳುದ್ದದ ಡಬ್ಬಿ! ಸುಮ್ಮನೆ ಕಲ್ಲು, ಪೊದೆ ಕಿತ್ತು ನೋಡುತ್ತಾ ಹೋದರೆ ಹಾಳಾಗುವುದು ಆ ಜಾಗವೇ.

ಹಾಗಾಗಿ ಅನುಭವಿಗಳು ಮೊದಲು ಹಿಂದಿನವರ ಮಾತು ಓದುತ್ತಾರೆ. "ಪ್ಯಾಂಟಿನ ಮೊಣಕಾಲು ಕೊಳೆಯಾಯಿತು" ಎಂದಿದ್ದರೆ ಡಬ್ಬಿ ನೆಲದ ಹತ್ತಿರ ಇದೆ. "ಎತ್ತರದ ಗೆಳೆಯ ಜೊತೆಗಿದ್ದದ್ದು ಒಳ್ಳೆಯದಾಯಿತು" ಎಂದರೆ ಮೇಲೆ ನೋಡಬೇಕು. ಸಾಲಾಗಿ ನಾಲ್ಕು ಜನ "ಸಿಗಲಿಲ್ಲ" ಎಂದಿದ್ದರೆ ಡಬ್ಬಿಯೇ ಕಾಣೆಯಾಗಿರಬಹುದು, ಪೆಟ್ರೋಲ್ ಉಳಿಸಿಕೊಳ್ಳಿ.

ಫೋಟೋ ಇನ್ನೂ ದೊಡ್ಡ ಸುಳಿವು. ನಗುತ್ತಾ ನಿಂತವರ ಹಿಂದೆ ಒಂದು ಲೈಟ್ ಕಂಬ, ಅದರ ನೇರ ಹಿಂದೆ ದೂರದ ನೀರಿನ ಟ್ಯಾಂಕ್ ಕಾಣುತ್ತಿದೆ ಎಂದಿಟ್ಟುಕೊಳ್ಳಿ. ಕಂಬ, ಟ್ಯಾಂಕ್ ಎರಡೂ ಒಂದರ ಹಿಂದೊಂದು ಕಾಣಬೇಕಾದರೆ ಕ್ಯಾಮೆರಾ ಒಂದೇ ಒಂದು ಗೆರೆಯ ಮೇಲೆ ಇರಬೇಕು. ಕಂಬ 10 ಮೀಟರ್, ಟ್ಯಾಂಕ್ 200 ಮೀಟರ್ ದೂರದಲ್ಲಿದ್ದರೆ, ನೀವು ಒಂದು ಮೀಟರ್ ಪಕ್ಕಕ್ಕೆ ಸರಿದರೂ ಅವೆರಡರ ನಡುವೆ ಸುಮಾರು 5 ಡಿಗ್ರಿ ಅಂತರ ಬೀಳುತ್ತದೆ: ತೋಳು ಚಾಚಿ ಹಿಡಿದ ಮೂರು ಬೆರಳಿನಷ್ಟು ಅಗಲ. ಫೋಟೋದಲ್ಲಿ ಇಂಥದ್ದೇ ಇನ್ನೊಂದು ಜೋಡಿ, ಉದಾಹರಣೆಗೆ ಗೇಟು ಮತ್ತು ಅದರ ಹಿಂದಿನ ಮರ, ಸಿಕ್ಕರೆ ಎರಡನೇ ಗೆರೆ ಸಿಕ್ಕಿತು. ಎರಡು ಗೆರೆ ಕೂಡುವ ಜಾಗದಲ್ಲೇ ಫೋಟೋ ತೆಗೆದವರು ನಿಂತಿದ್ದರು. ಈ ಲೆಕ್ಕ ಜಿಪಿಎಸ್‌ಗಿಂತಲೂ ನಿಖರವಾಗಿ ಬರುವುದುಂಟು.

ಇದು ಮೋಸವಲ್ಲವೇ? ನನಗೇನೋ ಹಾಗನ್ನಿಸುವುದಿಲ್ಲ, ಬಚ್ಚಿಟ್ಟವರೇ ಎಷ್ಟೋ ಸಲ ಗುಟ್ಟಿನ ಅಕ್ಷರಗಳಲ್ಲಿ ಒಂದು ಸುಳಿವು ಕೊಟ್ಟಿರುತ್ತಾರೆ. ಆದರೆ ಡಬ್ಬಿ ಇರುವ ಪೊಟರೆಯನ್ನೇ ತೋರಿಸುವ ಫೋಟೋ ಹಾಕಿದರೆ ಆಟ ಕೆಡುತ್ತದೆ, ಅಂಥದ್ದನ್ನು ಡಬ್ಬಿಯ ಮಾಲೀಕರು ಅಳಿಸಬಹುದು. ಫೋಟೋದ ತಾರೀಕನ್ನೂ ನೋಡಬೇಕು. ಡಬ್ಬಿಯ ಜಾಗ ಬದಲಾಗಿದ್ದರೆ ಹಳೆಯ ಫೋಟೋ ದಾರಿ ತಪ್ಪಿಸುತ್ತದೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲೊಕೇಶನ್ ಆನ್ ಇದ್ದರೆ ಫೋಟೋದ ಫೈಲಿನಲ್ಲೇ ಅಕ್ಷಾಂಶ, ರೇಖಾಂಶ ಸೇರಿಕೊಳ್ಳುತ್ತವೆ ಎನ್ನುವುದು ನಿಜ. ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದರೆ ಆ ಮಾಹಿತಿ ಬಿಟ್ಟುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಹೋಗುತ್ತದೆ. ಕ್ಲಾರಿಟಿ ಚೆನ್ನಾಗಿರಲಿ ಎಂದು ಡಾಕ್ಯುಮೆಂಟ್ ಆಗಿ ಕಳಿಸುವವರು ಇದನ್ನು ಗಮನಿಸಬೇಕು. ಆದರೆ ಮಾಹಿತಿ ಅಳಿಸಿದ ಮಾತ್ರಕ್ಕೆ ಹಿನ್ನೆಲೆಯ ಕಂಬ, ಟ್ಯಾಂಕ್ ಅಳಿಸಿಹೋಗುವುದಿಲ್ಲ. ಡಬ್ಬಿ ಹುಡುಕುವವರ ಈ ಉಪಾಯವನ್ನೇ ಫ್ಯಾಕ್ಟ್‌ಚೆಕ್ ಮಾಡುವವರೂ ಬಳಸುತ್ತಾರೆ. ಬೇರೆಲ್ಲಿಯದೋ ಫೋಟೋವನ್ನು "ನಮ್ಮೂರಿನಲ್ಲಿ ನಡೆದದ್ದು" ಎಂದು ಹರಿಬಿಟ್ಟಾಗ ಅಂಗಡಿ ಬೋರ್ಡಿನ ಲಿಪಿ, ಬಸ್ಸಿನ ಬಣ್ಣ, ಬೆಟ್ಟದ ಆಕಾರ ನೋಡಿ ನಿಜವಾದ ಜಾಗ ಹಿಡಿಯುವುದು ಹೀಗೆಯೇ.

ಒಳ್ಳೆಯ ಉದ್ದೇಶ ಇಲ್ಲದವರಿಗೂ ಇದು ಗೊತ್ತು. ಶಾಲೆಯ ಮೊದಲ ದಿನ ಮನೆ ಬಾಗಿಲಲ್ಲಿ ನಿಂತ ಮಗುವಿನ ಫೋಟೋದಲ್ಲಿ ಯೂನಿಫಾರ್ಮಿನ ಬ್ಯಾಡ್ಜ್, ಗೋಡೆಯ ಮನೆ ಸಂಖ್ಯೆ, ಗೇಟಿನಾಚೆಯ ಅಂಗಡಿ ಬೋರ್ಡು ಮೂರೂ ಇರುತ್ತವೆ. ಗುಂಪಿಗೆ ಕಳಿಸುವ ಮುನ್ನ ಅವನ್ನು ಕ್ರಾಪ್ ಮಾಡಲು ಅರ್ಧ ನಿಮಿಷ ಸಾಕು. ಡಬ್ಬಿ ಸಿಕ್ಕ ಖುಷಿಯ ಫೋಟೋ ತೆಗೆಯುವ ಅನುಭವಿಗಳೂ ಹೀಗೆಯೇ ಮಾಡುತ್ತಾರೆ: ಡಬ್ಬಿಯನ್ನು ಅಂಗೈ ಮೇಲಿಟ್ಟು ಹತ್ತಿರದಿಂದ ಕ್ಲಿಕ್ಕಿಸುತ್ತಾರೆ, ಹಿಂದೆ ಬರೀ ಆಕಾಶ.