ನಿಮಗಿದು ಗೊತ್ತೇ? ಗಾಳಿಯ ಫೋಟೊ ತೆಗೆಯೋದು ಹೇಗೆ?

ಗಜೇಂದ್ರಗಡದ ಗುಡ್ಡಗಳ ಮೇಲಿನ ಗಾಳಿಯಂತ್ರಗಳು ದೂರದಿಂದ ನೋಡಿದರೆ ಆಲಸಿಗಳು. ಆದರೆ ದೊಡ್ಡ ಯಂತ್ರವೊಂದು ಪೂರ್ತಿ ರಭಸದಲ್ಲಿದ್ದಾಗ ಅದರ ರೆಕ್ಕೆಯ ತುದಿ ಗಂಟೆಗೆ 200 ಕಿ.ಮೀ.ಗಿಂತ ಜೋರಾಗಿ ಸುತ್ತುತ್ತಿರುತ್ತದೆ! ಗಾಳಿಯ ವೇಗವೇ ಗಂಟೆಗೆ ಸುಮಾರು 90 ಕಿ.ಮೀ. ದಾಟಿದರೆ ಮಾತ್ರ ಬಹುಪಾಲು ಯಂತ್ರಗಳು ‘ಇನ್ನು ಸಾಕು’ ಎಂದು ತಾವಾಗಿಯೇ ನಿಂತುಬಿಡುತ್ತವೆ.

ಅದರ ದುಪ್ಪಟ್ಟು ಗಾಳಿಯಲ್ಲಿ ಮನುಷ್ಯರು ತೇಲಾಡುತ್ತಾರೆ, ಅದೂ ದುಡ್ಡು ಕೊಟ್ಟು. ಇದೇ ಒಳಾಂಗಣ ಸ್ಕೈಡೈವಿಂಗ್. ಎತ್ತರದ ಗಾಜಿನ ಕೊಳವೆ, ಕೆಳಗಿನಿಂದ ಮೇಲಕ್ಕೆ ಗಂಟೆಗೆ 180–200 ಕಿ.ಮೀ. ಗಾಳಿ. ಗಾಳಿಯ ತಳ್ಳು ಮೈಭಾರಕ್ಕೆ ಸಮನಾದರೆ ಕಾಲು ನೆಲ ಬಿಡುತ್ತದೆ. ಕೈಕಾಲು ಚಾಚಿದರೆ ಏರುತ್ತೀರಿ, ಮುದುಡಿದರೆ ಇಳಿಯುತ್ತೀರಿ. ನಮ್ಮ ಕಡೆಯವರು ನೋಡಬೇಕೆಂದರೆ ಹೈದರಾಬಾದಿನ ಗಂಡಿಪೇಟೆಗೆ ಹೋಗಬೇಕು.

ಇಂಥ ನೆಟ್ಟನೆಯ ಗಾಳಿಸುರಂಗದಲ್ಲಿ ಮನುಷ್ಯ ಮೊದಲು ತೇಲಿದ್ದು 1964ರಲ್ಲಿ, ಅಮೆರಿಕದ ರೈಟ್–ಪ್ಯಾಟರ್ಸನ್ ವಾಯುನೆಲೆಯಲ್ಲಿ. ಹೆಸರು ಜ್ಯಾಕ್ ಟಿಫನಿ. ಆ ಸುರಂಗ ಕಟ್ಟಿದ್ದು ಮೋಜಿಗಲ್ಲ, ಪ್ರಯೋಗಕ್ಕೆ.

ಈಗ ಫೋಟೊ ವಿಷಯಕ್ಕೆ ಬರೋಣ. ಸುರಂಗದ ಹೊರಗೆ ನಿಂತು ಫ್ಲ್ಯಾಶ್ ಹೊಡೆದರೆ ಚಿತ್ರದಲ್ಲಿ ಸಿಗುವುದು ಒಳಗೆ ತೇಲುತ್ತಿರುವ ನಿಮ್ಮ ಭಾವನಲ್ಲ, ಗಾಜಿನ ಮೇಲೊಂದು ಬಿಳಿ ಉರಿಯುಂಡೆ, ಅದರ ಹಿಂದೆ ಮೊಬೈಲು ಹಿಡಿದ ನೀವೇ! ರಾತ್ರಿ ಬಸ್ಸಿನೊಳಗೆ ಲೈಟು ಹಾಕಿದರೆ ಕಿಟಕಿಯಲ್ಲಿ ಹೊಲ ಮಾಯವಾಗಿ ನಮ್ಮ ಮುಖವೇ ಕಾಣುತ್ತದಲ್ಲ, ಹಾಗೆ. ಪಳಗಿದವರು ಫ್ಲ್ಯಾಶ್ ಆರಿಸಿ, ಲೆನ್ಸನ್ನು ಗಾಜಿಗೆ ಒತ್ತಿ ಹಿಡಿದು, ಕಪ್ಪು ಅಂಗಿ ತೊಟ್ಟು ನಿಲ್ಲುತ್ತಾರೆ. ಬಿಳಿ ಅಂಗಿ ಗಾಜಿನಲ್ಲಿ ಮೂಡುತ್ತದೆ, ಕಪ್ಪು ಮೂಡುವುದು ಕಮ್ಮಿ.

ಫ್ಲ್ಯಾಶ್ ಬೇಡ ಎನ್ನಲು ಇನ್ನೂ ಗಟ್ಟಿ ಕಾರಣವಿದೆ. ಒಳಗೆ ಮಾತು ಕೇಳಿಸದು, ಎಲ್ಲರ ಕಿವಿಯಲ್ಲೂ ಪ್ಲಗ್. ತರಬೇತುದಾರ ಬೆರಳಿನಲ್ಲೇ ಮಾತಾಡುತ್ತಾನೆ: ಎರಡು ಬೆರಳು ನೆಟ್ಟಗೆ ಚಾಚಿದರೆ ‘ಕಾಲು ಚಾಚು’, ಮಡಿಸಿದರೆ ‘ಕಾಲು ಮಡಿಸು’. ಆ ಹೊತ್ತಿಗೆ ಕಣ್ಣಿಗೆ ಫಳಾರನೆ ಬೆಳಕು ಹೊಡೆದರೆ ಹೊಸಬನಿಗೆ ಬೆರಳೂ ಕಾಣದು, ಗೋಡೆಯೂ ಕಾಣದು.

ತಂತ್ರದ ತೊಡಕೂ ಉಂಟು. ಪರದೆ ಸರಿಯುವ ಶಟರಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಸಾಮಾನ್ಯ ಫ್ಲ್ಯಾಶ್ ಜತೆಗೂಡುವುದು ಸೆಕೆಂಡಿನ 1/200 ಅಥವಾ 1/250 ಭಾಗದವರೆಗೆ ಮಾತ್ರ. ತೇಲಾಡುವವರನ್ನು ಮಸುಕಿಲ್ಲದೆ ಹಿಡಿಯಲು ಅದಕ್ಕಿಂತ ಚುರುಕು ಶಟರ್ ಇಟ್ಟರೆ ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ.

ಹಾಗಂತ ಗಾಳಿಸುರಂಗಕ್ಕೂ ಮಿಂಚುಬೆಳಕಿಗೂ ಹಗೆಯೇನಿಲ್ಲ, ವಿಜ್ಞಾನಿಗಳ ಕೈಯಲ್ಲಿ ಅವೆರಡೂ ಹಳೇ ಗೆಳೆಯರು. 1887ರಲ್ಲಿ ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಚರ್ ಪ್ರಕಟಿಸಿದ ಚಿತ್ರಗಳಲ್ಲಿ ಹಾರುವ ಗುಂಡು, ಅದರ ಮುಂದೆ ಬಿಲ್ಲಿನಂತೆ ಬಾಗಿದ ಆಘಾತ ಅಲೆ ಎರಡೂ ಇದ್ದವು. ಬೆಳಕಿಗೆ ಬಳಸಿದ್ದು ವಿದ್ಯುತ್ ಕಿಡಿ. ಗಾಳಿ ಒತ್ತಾಗಿರುವಲ್ಲಿ ಬೆಳಕು ತುಸು ಹೆಚ್ಚು ಬಾಗುತ್ತದೆ. ಬಾಗಿದ ಬೆಳಕನ್ನು ಕತ್ತಿಯಂಚಿನಲ್ಲಿ ತಡೆದರೆ ಕಾಣದ ಗಾಳಿಗೂ ನೆರಳು ಬರುತ್ತದೆ. ಇದಕ್ಕೆ ಶ್ಲೀರನ್ ವಿಧಾನ ಎಂದು ಹೆಸರು. ಗಾಳಿಯ ಚಿತ್ರ ಎಂದರೆ ನನ್ನ ಮಟ್ಟಿಗೆ ಇದೇ. ಉಬ್ಬಿದ ಕೆನ್ನೆಯ ಸೆಲ್ಫಿ ಆಮೇಲಿನ ಮಾತು.

ಇಂಥ ಗಾಳಿಚಿತ್ರದ ವಿದ್ಯೆಯಲ್ಲಿ ಪಳಗಿ ಬಂದವರೇ ಸತೀಶ್ ಧವನ್. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಶಬ್ದಾತೀತ ವೇಗದ ಪುಟ್ಟ ಗಾಳಿಸುರಂಗ ಕಟ್ಟಿಸಿದರು. ಮುಂದೆ ಇಸ್ರೊ ಅಧ್ಯಕ್ಷರಾದದ್ದು ಎಲ್ಲರಿಗೂ ಗೊತ್ತು, ಸುರಂಗದ ಕತೆ ಗೊತ್ತಿರುವವರು ಕಮ್ಮಿ.

ಬೆಂಗಳೂರಿನ ಎನ್‌ಎಎಲ್‌ನಲ್ಲಿ (ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ) 1967ರಿಂದ ನಡೆಯುತ್ತಿರುವ 1.2 ಮೀಟರ್ ಗಾಳಿಸುರಂಗದಲ್ಲಿ ಗಾಳಿ ಶಬ್ದದ ವೇಗದ 4 ಪಟ್ಟು ಮುಟ್ಟಬಲ್ಲದು. ಒತ್ತಿ ತುಂಬಿಟ್ಟ ಗಾಳಿಯನ್ನು ಒಮ್ಮೆಗೇ ಬಿಟ್ಟಾಗ ಪ್ರಯೋಗ ನಡೆಯುವುದು ಕೆಲವೇ ಸೆಕೆಂಡು. ಅಲ್ಲಿ ತೇಲುವ ಗಿರಾಕಿಗಳಿಲ್ಲ, ರಾಕೆಟ್ಟು–ವಿಮಾನಗಳ ಮಾದರಿಗಳಷ್ಟೇ.

ಹೈದರಾಬಾದಿಗೆ ಹೊರಟವರಿಗೆ ಒಂದು ಮಾತು: ಒಳಗೆ ಹೋಗುವ ಮುನ್ನ ಜೇಬಿನ ಮೊಬೈಲು, ಕೊರಳ ಸರ, ಚಿಲ್ಲರೆ ಎಲ್ಲ ಹೊರಗೇ ಬಿಡಿ; ಆ ಗಾಳಿಯಲ್ಲಿ ರೂಪಾಯಿ ನಾಣ್ಯವೂ ಕಣ್ಣಿಗೆ ಅಪಾಯ. ಹೊರಗೆ ನಿಂತ ಮನೆಯವರಿಗೆ ಫ್ಲ್ಯಾಶ್ ಆಫ್ ಮಾಡಲು ಹೇಳುವುದನ್ನೂ ಮರೆಯಬೇಡಿ.