ಸೊನ್ನೆಯಲ್ಲಿ ಸರಿ, ಓಡುವಾಗ ತಪ್ಪು

ಹತ್ತಾರು ಬೇಸಿಗೆ ಕಂಡ ಕಾರಿನ ಡಯಲುಗಳು ಮಾಸುವುದು ಸಹಜ. ಕಪ್ಪು ಬಣ್ಣ ಬೂದಿಗೆ ತಿರುಗುತ್ತದೆ, ಬಿಳಿ ಅಂಕಿಗಳು ಹಳದಿಯಾಗುತ್ತವೆ. ರಿಪೇರಿಯ ಹುಚ್ಚಿರುವ ಕಾಲೇಜು ವಿದ್ಯಾರ್ಥಿಯೊಬ್ಬ ಮನೆಯಲ್ಲಿದ್ದರೆ ಭಾನುವಾರ ಬೆಳಿಗ್ಗೆ ಡ್ಯಾಶ್‌ಬೋರ್ಡ್ ಬಿಚ್ಚಿಕೊಂಡು ಕೂರುತ್ತಾನೆ. ಮುಳ್ಳು ಕಿತ್ತು, ಹಳೆಯ ಡಯಲ್ ತೆಗೆದು, ಹೊಸದನ್ನು ಕೂರಿಸಿ, ಮುಳ್ಳನ್ನು ಮತ್ತೆ ಸೊನ್ನೆಯ ಮೇಲೆ ಒತ್ತಿದರೆ ಮಧ್ಯಾಹ್ನದ ಊಟದೊಳಗೆ ಕೆಲಸ ಮುಗಿಯಿತು. ಡಯಲ್ ಫಳಫಳ ಹೊಳೆಯುತ್ತದೆ. ಅಪ್ಪನಿಗೂ ಸಂತೋಷ.

ಆದರೆ ಅಂದಿನಿಂದ ಆ ಕಾರು ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಓಡುವಾಗ ಮುಳ್ಳು 60 ತೋರಿಸಬಹುದು. ಇನ್ನೂ ಕೆಟ್ಟದ್ದೆಂದರೆ, 70ರಲ್ಲಿ ಓಡುವಾಗಲೂ 60 ತೋರಿಸಬಹುದು. 60ಕ್ಕೆ ಹೋಲಿಸಿದರೆ 70ರಲ್ಲಿ ಬ್ರೇಕ್ ಒತ್ತಿದ ಮೇಲೆ ಕಾರು ಸಾಗುವ ದೂರ ಮೂರನೇ ಒಂದು ಭಾಗಕ್ಕಿಂತ ಹೆಚ್ಚಾಗುತ್ತದೆ. ನಿಂತಾಗ ಸರಿಯಾಗಿದ್ದ ಮುಳ್ಳು ಓಡುವಾಗ ತಪ್ಪುವುದೇಕೆ?

ಉತ್ತರ ಪಿಯುಸಿ ಭೌತವಿಜ್ಞಾನದಲ್ಲೇ ಇದೆ. ಹಳೆಯ ಕಾರುಗಳಲ್ಲಿ ಗೇರ್‌ಬಾಕ್ಸಿನಿಂದ ಸ್ಪೀಡೋಮೀಟರಿಗೆ ಒಂದು ಕೇಬಲ್ ಬಂದಿರುತ್ತದೆ. ಚಕ್ರ ಉರುಳಿದಂತೆ ಅದು ತಿರುಗಿ, ತುದಿಯಲ್ಲಿರುವ ಅಯಸ್ಕಾಂತವನ್ನೂ ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ, ಅದನ್ನು ಮುಟ್ಟದಂತೆ, ಒಂದು ಅಲ್ಯೂಮಿನಿಯಂ ಬಟ್ಟಲು. ಬಟ್ಟಲಿನ ಕಡ್ಡಿಗೆ ಮುಳ್ಳು. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ ಎಂದು ಕೇಳುವವರು ಜಾಣರೇ. ಆದರೆ ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟುತ್ತದೆ. ಅದು ಬಟ್ಟಲನ್ನೂ ಜತೆಗೆ ಎಳೆಯುತ್ತದೆ. ತಾಮ್ರದ ತಟ್ಟೆ ತಿರುಗಿಸಿದರೆ ಮೇಲೆ ತೂಗಿದ ಅಯಸ್ಕಾಂತದ ಸೂಜಿಯೂ ತಿರುಗುವುದನ್ನು ಫ್ರಾನ್ಸಿನ ಅರಾಗೊ 1820ರ ದಶಕದಲ್ಲಿ ಕಂಡಿದ್ದ. ಅದರ ಕಾರಣ ತಿಳಿದದ್ದು 1831ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದ ಮೇಲೆ. ಇದೇ ತತ್ವದ ಸ್ಪೀಡೋಮೀಟರಿಗೆ ಜರ್ಮನಿಯ ಒಟ್ಟೊ ಶುಲ್ಟ್ಸೆ 1902ರಲ್ಲಿ ಪೇಟೆಂಟ್ ಪಡೆದ.

ಎಳೆತವೊಂದೇ ಇದ್ದಿದ್ದರೆ ಬಟ್ಟಲು ಗಿರಗಿರನೆ ಸುತ್ತುತ್ತಲೇ ಇರುತ್ತಿತ್ತು. ಗಡಿಯಾರದಲ್ಲಿರುವಂಥ ತೆಳ್ಳನೆಯ ಸುರುಳಿ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಹಿಡಿಯುತ್ತದೆ. ವೇಗ ಇಮ್ಮಡಿಯಾದರೆ ಎಳೆತವೂ ಇಮ್ಮಡಿ, ಮುಳ್ಳು ತಿರುಗುವ ಕೋನವೂ ಇಮ್ಮಡಿ.

ಗುಟ್ಟು ಇರುವುದು ಮುಳ್ಳು ಒರಗುವ ಪುಟ್ಟ ಗೂಟದಲ್ಲಿ. ಅನೇಕ ಡಯಲುಗಳಲ್ಲಿ ಸೊನ್ನೆಗೂ 20ಕ್ಕೂ ನಡುವಿನ ಅಂತರ 20ಕ್ಕೂ 40ಕ್ಕೂ ನಡುವಿನ ಅಂತರಕ್ಕಿಂತ ಕಡಿಮೆ ಇರುವುದನ್ನು ನೀವು ನೋಡಿರಬಹುದು. ಅಲ್ಲಿ ಸ್ಪ್ರಿಂಗಿನ ನಿಜವಾದ ಸೊನ್ನೆ ಗೂಟಕ್ಕಿಂತ ಇನ್ನೂ ಹಿಂದಿರುತ್ತದೆ; ಗೂಟ ಮುಳ್ಳನ್ನು ಅರ್ಧ ದಾರಿಯಲ್ಲೇ ತಡೆದು ನಿಲ್ಲಿಸಿರುತ್ತದೆ. ಮುಳ್ಳು ಕಿತ್ತ ಕೂಡಲೇ ಕಡ್ಡಿ ಸದ್ದಿಲ್ಲದೆ ತನ್ನ ಸೊನ್ನೆಗೆ ತಿರುಗಿಕೊಳ್ಳುತ್ತದೆ. ಈಗ ಮುಳ್ಳನ್ನು ಗೂಟದ ಬಳಿಯೇ ಒತ್ತಿದರೆ ಆ ಹಿಂದಿನ ತುಣುಕು ಎಲ್ಲ ವೇಗಕ್ಕೂ ಸೇರಿಕೊಳ್ಳುತ್ತದೆ. ಇದನ್ನು ಅರೆಬರೆ ಕೇಳಿ ತಿಳಿದವನು ಕಡ್ಡಿಯನ್ನು ಅಂದಾಜಿನ ಮೇಲೆ ಹೆಚ್ಚು ಸುತ್ತಿ ಕೂರಿಸಿದರೆ ಮುಳ್ಳು ಕಡಿಮೆ ತೋರಿಸುತ್ತದೆ. ಅಪಾಯ ಇರುವುದು ಅಲ್ಲಿ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಗಳಲ್ಲಿ 39ನೆಯದು ಇದಕ್ಕೆಂದೇ ಇದೆ. ಅದರಂತೆ ಮುಳ್ಳು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಕೂಡದು. 80ರಲ್ಲಿ ಓಡುವ ಕಾರು 92ಕ್ಕಿಂತ ಹೆಚ್ಚೂ ತೋರಿಸಕೂಡದು.

ಸುಲಭದ ಉಪಾಯವೆಂದರೆ ಕೀಳುವ ಮೊದಲೇ ಗುರುತು ಮಾಡಿಕೊಳ್ಳುವುದು. ಮುಳ್ಳನ್ನು ಮೆಲ್ಲಗೆ ಎತ್ತಿ ಗೂಟ ದಾಟಿಸಿದರೆ ಅದು ಸ್ಪ್ರಿಂಗಿನ ಸೊನ್ನೆಯಲ್ಲಿ ಹೋಗಿ ನಿಲ್ಲುತ್ತದೆ. ಆ ಜಾಗದ ನೇರಕ್ಕೆ, ಡಯಲಿನ ಹೊರಗಿನ ಚೌಕಟ್ಟಿನಲ್ಲಿ, ಒಂದು ಪೆನ್ಸಿಲ್ ಗೆರೆ. ಕೀಳುವಾಗ ನೇರಕ್ಕೆ ಎತ್ತಬೇಕು. ಬಲವಂತವಾಗಿ ತಿರುಚಿದರೆ ಸ್ಪ್ರಿಂಗ್ ಹಾಳು. ಹೊಸ ಡಯಲ್ ಕೂರಿಸಿ, ಮುಳ್ಳನ್ನು ಗೆರೆಯ ನೇರಕ್ಕೆ ಒತ್ತಿ, ಆಮೇಲೆ ಎತ್ತಿ ಗೂಟದ ಈಚೆಗೆ ತಂದರಾಯಿತು.

ಗೆರೆ ಹಾಕದೆ ಕಿತ್ತಾಗಿದೆಯೆ? ಆಗ ಹೆದ್ದಾರಿಯ ಕಿಲೋಮೀಟರ್ ಕಲ್ಲೇ ಗತಿ. ಸ್ಟೇರಿಂಗ್ ಲೈಸೆನ್ಸ್ ಇದ್ದವರ ಕೈಯಲ್ಲಿ, ಸ್ಟಾಪ್‌ವಾಚ್ ಪಕ್ಕದಲ್ಲಿ ಕೂತವರ ಕೈಯಲ್ಲಿ. 3600ನ್ನು ಒಂದು ಕಿಲೋಮೀಟರಿಗೆ ಹಿಡಿದ ಸೆಕೆಂಡುಗಳಿಂದ ಭಾಗಿಸಿದರೆ ನಿಜವಾದ ವೇಗ. (ಕಲ್ಲುಗಳು ಒಮ್ಮೊಮ್ಮೆ ಆಚೀಚೆ ಇರುವುದುಂಟು, ಮೂರು ನಾಲ್ಕು ಕಲ್ಲು ಅಳೆದು ಸರಾಸರಿ ತೆಗೆಯುವುದು ಮೇಲು. ಮೊಬೈಲಿನ ಜಿಪಿಎಸ್ ಸಾಕ್ಷಿಯೂ ನಡೆಯುತ್ತದೆ.) ಒಂದೇ ವೇಗದಲ್ಲಿ ಅಳೆದರೆ ಮಾತ್ರ ಮೋಸ ಹೋಗುತ್ತೀರಿ. ಮುಳ್ಳು 80 ತೋರಿಸುವಾಗ ಒಂದು ಕಾರಿಗೆ 51 ಸೆಕೆಂಡು, ಇನ್ನೊಂದಕ್ಕೆ 50 ಸೆಕೆಂಡು ಹಿಡಿಯಿತೆನ್ನಿ. ಎರಡರ ರೋಗವೂ ಒಂದೇ ಅನ್ನಿಸುತ್ತದೆ. ಮುಳ್ಳು 50 ತೋರಿಸುವಾಗ ಅಳೆದರೆ ಮೊದಲನೆಯದಕ್ಕೆ 90 ಸೆಕೆಂಡು, ಎರಡನೆಯದಕ್ಕೆ 80. ಅಂದರೆ ಮೊದಲನೆಯದು ಎಲ್ಲ ವೇಗದಲ್ಲೂ ಹತ್ತು ಹೆಚ್ಚು ತೋರಿಸುತ್ತಿದೆ; ಎರಡನೆಯದು 45ಕ್ಕೆ 50, 72ಕ್ಕೆ 80 ಎಂದು ವೇಗದ ಜತೆಗೇ ತಪ್ಪನ್ನು ಬೆಳೆಸುತ್ತಿದೆ. ಗಣಿತದ ಪುಸ್ತಕದಲ್ಲಿ 'ವೈ = ಎಂಎಕ್ಸ್ + ಸಿ' ಎಂದು ಬರೆಯುವ ಸರಳರೇಖೆ ಇದೇ. ಮುಳ್ಳು ಕೂರಿಸಿದ ಜಾಗ ತಪ್ಪಿದ್ದರೆ ಕೆಟ್ಟಿರುವುದು 'ಸಿ'. ಹತ್ತರಷ್ಟು ಹಿಂದಕ್ಕೆ ಕೂರಿಸಿ ಗೂಟ ದಾಟಿಸಿದರೆ ಗುಣವಾಗುತ್ತದೆ. 'ಎಂ' ಕೆಟ್ಟಿದ್ದರೆ ಮುಳ್ಳನ್ನು ಎಲ್ಲಿ ಕೂರಿಸಿದರೂ ಪ್ರಯೋಜನವಿಲ್ಲ. ಟೈರಿನ ಅಳತೆ, ಅಯಸ್ಕಾಂತ, ಸ್ಪ್ರಿಂಗ್ ಅಥವಾ ಹೊಸ ಡಯಲಿನ ಅಚ್ಚನ್ನೇ ಅನುಮಾನಿಸಬೇಕು.

ಕೇಬಲ್ ಇಲ್ಲದ ಹೊಸ ಕಾರುಗಳಲ್ಲಿ ಸ್ಪ್ರಿಂಗಿನ ಬದಲು ಸ್ಟೆಪ್ಪರ್ ಮೋಟಾರು. ಅದು ಹೆಜ್ಜೆ ಎಣಿಸಿ ಮುಳ್ಳನ್ನು ನಡೆಸುತ್ತದೆ. ಅಲ್ಲಿ ಕೈಯಾಡಿಸಿದರೆ ಪುಟ್ಟ ಹಲ್ಲುಚಕ್ರ ಮುರಿಯುವುದೇ ಹೆಚ್ಚು.

ವೇಗದ ಮುಳ್ಳಿನ ಗಲಾಟೆಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮರೆತುಹೋಗುತ್ತದೆ. ಅದು ಕೆಳಗೆ ಕೂತರೆ ದಂಡ ದೊಡ್ಡದು. ಮಂಗಳೂರಿನಿಂದ ಹಿಂತಿರುಗುವ ಸಂಸಾರ ಶಿರಾಡಿ ಘಾಟಿ ಹತ್ತುವಾಗ ಮುಳ್ಳು ನಡುವಿನಲ್ಲೇ ಇದೆಯೆಂದು ನಿಶ್ಚಿಂತೆಯಿಂದಿರುತ್ತದೆ. ಬಾನೆಟ್ಟಿನಿಂದ ಹಬೆ ಎದ್ದಾಗ ಹೆಡ್ ಗ್ಯಾಸ್ಕೆಟ್ ಹೋಗಿರುತ್ತದೆ. ವಿದ್ಯುತ್ತಿನಿಂದ ನಡೆಯುವ ಈ ಮುಳ್ಳುಗಳಲ್ಲಿ ಕೆಲವು ಕೀಲಿ ತೆಗೆದರೂ ಇದ್ದಲ್ಲೇ ನಿಲ್ಲುತ್ತವೆ. ಅವಕ್ಕೆ ಸೊನ್ನೆಯೆಂಬುದೇ ಇಲ್ಲ. ಆದ್ದರಿಂದ ಬಿಚ್ಚುವ ಮೊದಲೇ ಟ್ಯಾಂಕ್ ತುಂಬಿಸಿ ಪೆಟ್ರೋಲ್ ಮುಳ್ಳು ಎಲ್ಲಿ ನಿಂತಿತು, ರೇಡಿಯೇಟರ್ ಫ್ಯಾನ್ ತಾನಾಗಿ ಶುರುವಾದಾಗ ಬಿಸಿಯ ಮುಳ್ಳು ಎಲ್ಲಿತ್ತು ಎಂದು ಬರೆದಿಟ್ಟುಕೊಳ್ಳಬೇಕು. ಹೊಸ ಡಯಲ್ ಹಾಕಿದ ಮೇಲೆ ಎಂಜಿನ್ ಓಡಿಸಿ ಫ್ಯಾನ್ ಶುರುವಾಗುವವರೆಗೆ ಕಾದು ಅದೇ ಜಾಗಕ್ಕೆ ಮುಳ್ಳನ್ನು ಒತ್ತಬೇಕು. ಗಾಜು ಮುಚ್ಚುವುದು ಆಮೇಲೆ.