ಕಿವಿಯ ಸುಖಕ್ಕೊಂದು ಪರಿಮಾಣ

ಸಂಬಳದ ಹಣ ಮನೆಗೆ ಬಂದ ದಿನ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲುಗಳನ್ನು ತುಂಬುವವು ಅಕ್ಕಿ, ಬೇಳೆ, ಹಾಲು, ಮನೆ ಬಾಡಿಗೆ, ಮಕ್ಕಳ ಶಾಲಾ ಶುಲ್ಕ. ಅವುಗಳ ಕೆಳಗೆ ವಿದ್ಯುತ್ತು, ಔಷಧ, ಬಸ್ಸಿನ ಖರ್ಚು. ಹಬ್ಬಕ್ಕೂ ಬಸದಿಯ ಪೂಜೆಗೂ ಒಂದಿಷ್ಟು. ಹಾಡು ಕೇಳುವ ಯಂತ್ರಕ್ಕೆ ಆ ಪುಟದಲ್ಲಿ ಸಾಮಾನ್ಯವಾಗಿ ಸ್ಥಾನವಿಲ್ಲ. ಅದು 'ಉಳಿದರೆ ಕೊಳ್ಳೋಣ' ಎಂಬ ವರ್ಗಕ್ಕೆ ಸೇರಿದ ವಸ್ತು. ಆದರೆ ಎಷ್ಟು ಉಳಿಯಿತು, ಉಳಿದುದರಲ್ಲಿ ಎಷ್ಟು ಕಿವಿಗೆ ಎಂಬುದನ್ನು ನಿರ್ಣಯಿಸಬೇಕಾದವರು ಯಾರು? ವರಮಾನವೇ, ಅಂಗಡಿಯವನೇ, ಅಥವಾ ವರಮಾನ ತಂದ ಶ್ರಾವಕನೇ? ಪರಿಗ್ರಹ ಪರಿಮಾಣ ವ್ರತವನ್ನು ಚಿನ್ನ, ಹೊಲ, ಮನೆಗಳ ಉದಾಹರಣೆಯಿಂದ ವಿವರಿಸುವುದು ರೂಢಿ. ಕಿವಿಗೆ ಸಂಬಂಧಿಸಿದ ಈ ಹವ್ಯಾಸದ ಮೂಲಕ ನೋಡಿದರೆ ಆ ವ್ರತದ ಸೂಕ್ಷ್ಮ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೂಲ ಗಾಯನಕ್ಕೆ ಆದಷ್ಟು ನಿಷ್ಠವಾಗಿ ಧ್ವನಿಯನ್ನು ಮರಳಿ ಕೇಳಿಸುವ ಯಂತ್ರಗಳಿಗೆ ಹೈಫೈ ಎಂದು ಹೆಸರು. ದೀರ್ಘಕಾಲ ನುಡಿಯುವ ಎಲ್‌ಪಿ ತಟ್ಟೆ 1948ರಲ್ಲಿ ಬಂದಿತು, ಎರಡು ಸ್ಪೀಕರುಗಳಿಂದ ಬೇರೆ ಬೇರೆ ಧ್ವನಿ ಹೊಮ್ಮುವ ಸ್ಟೀರಿಯೊ ತಟ್ಟೆಗಳು 1958ರ ಹೊತ್ತಿಗೆ ಮಾರುಕಟ್ಟೆಗೆ ಇಳಿದವು, ಸಿ.ಡಿ. 1982ರಲ್ಲಿ. ನಮ್ಮ ನಾಡಿನ ಮಧ್ಯಮ ವರ್ಗದ ಮನೆಗಳಿಗೆ ಇವು ಬಹಳ ನಿಧಾನವಾಗಿ ತಲುಪಿದವು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಪ್ರತಿವರ್ಷ ಲೈಸೆನ್ಸ್ ಹಣ ಕಟ್ಟಬೇಕಾಗಿದ್ದ ಕಾಲವದು. ವಿದೇಶಿ ಯಂತ್ರಗಳ ಮೇಲೆ ಭಾರಿ ಸುಂಕವಿತ್ತು. ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬಂದ ಬಂಧುವಿನ ಪೆಟ್ಟಿಗೆಯಲ್ಲಿ ಟು-ಇನ್-ಒನ್ ಇದ್ದರೆ ಓಣಿಯ ಜನರೆಲ್ಲ ನೋಡಲು ಬರುತ್ತಿದ್ದರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ತಾವೇ ಆಂಪ್ಲಿಫೈಯರ್ ಜೋಡಿಸಿಕೊಂಡವರೂ ಉಂಟು. ಆ ದಿನಗಳಲ್ಲಿ ಹಣದ ಅಭಾವವೇ ವ್ರತದ ಕೆಲಸವನ್ನು ಮಾಡುತ್ತಿತ್ತು. ಮನಸ್ಸಿನಲ್ಲಿ ಆಸೆ ಎಷ್ಟಿದ್ದರೂ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಅದನ್ನು ಸಂಯಮವೆಂದು ಕರೆಯುವುದು ಸರಿಯಲ್ಲ.

ಕುಟುಂಬಗಳ ಖರ್ಚನ್ನು ಅಭ್ಯಸಿಸಿದ ಜರ್ಮನಿಯ ಅರ್ನ್ಸ್ಟ್ ಎಂಗೆಲ್ ಎಂಬ ಸಂಖ್ಯಾಶಾಸ್ತ್ರಜ್ಞ 1857ರಲ್ಲಿ ಒಂದು ನಿಯಮವನ್ನು ಗುರುತಿಸಿದ. ವರಮಾನ ಹೆಚ್ಚಿದಂತೆ ಆಹಾರಕ್ಕೆ ಹೋಗುವ ಪಾಲು ತಗ್ಗುತ್ತದೆ, ಬೇರೆ ಬೇರೆ ಭೋಗಗಳಿಗೆ ಉಳಿಯುವ ಪಾಲು ಬೆಳೆಯುತ್ತದೆ. ಭಾರತ ಸರ್ಕಾರದ 2023-24ರ ಗೃಹಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಒಬ್ಬ ವ್ಯಕ್ತಿಯ ಸರಾಸರಿ ಮಾಸಿಕ ವೆಚ್ಚ ಗ್ರಾಮಗಳಲ್ಲಿ 4,122 ರೂಪಾಯಿ, ನಗರಗಳಲ್ಲಿ 6,996 ರೂಪಾಯಿ. ನಾಲ್ವರಿರುವ ನಗರದ ಮನೆಗೆ ಇದು ಸುಮಾರು 28,000 ಆಯಿತು. ಅದರಲ್ಲಿ ಸುಮಾರು ಶೇ 40ರಷ್ಟು ಆಹಾರಕ್ಕೇ ಸಲ್ಲುತ್ತದೆ. ಉಳಿದ 17,000ದೊಳಗೆ ಬಾಡಿಗೆ, ಬಟ್ಟೆ, ಶಾಲೆ, ಆಸ್ಪತ್ರೆ, ಪ್ರಯಾಣ ಎಲ್ಲವೂ ನಡೆಯಬೇಕು. ಇಂತಹ ಮನೆಯ ಯಜಮಾನ ಒಂದು ಜೋಡಿ ಸ್ಪೀಕರು ಮತ್ತು ಆಂಪ್ಲಿಫೈಯರಿಗಾಗಿ 40,000 ರೂಪಾಯಿ ಕೊಟ್ಟನೆಂದರೆ ಇಡೀ ಮನೆಯ ಸುಮಾರು ಒಂದೂವರೆ ತಿಂಗಳ ಬದುಕನ್ನು ಕೊಟ್ಟಂತೆ. ತಿಂಗಳಿಗೆ ಎರಡು ಲಕ್ಷ ಬರುವ ಮನೆಯಲ್ಲಿ ಅದೇ 40,000 ಒಂದು ವಾರದ ಗಳಿಕೆಯೂ ಅಲ್ಲ. ಬೆಲೆ ಒಂದೇ ಆದರೂ ಅದರ ಭಾರ ಮನೆಯಿಂದ ಮನೆಗೆ ಬೇರೆ.

ಆಚಾರ್ಯರು ಎಲ್ಲ ಗೃಹಸ್ಥರಿಗೂ ಒಂದೇ ಮಿತಿಯನ್ನು ಹೇಳದಿರುವುದಕ್ಕೆ ಕಾರಣ ಇದೇ. ಮುನಿಗೆ ಪರಿಗ್ರಹದ ಸಂಪೂರ್ಣ ತ್ಯಾಗ. ಶ್ರಾವಕನಿಗೆ ಪರಿಮಾಣ, ಅದೂ ಆತನೇ ಸ್ವಇಚ್ಛೆಯಿಂದ ಹಾಕಿಕೊಂಡ ಪರಿಮಾಣ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದ ಶ್ರಾವಕನ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. ಆತ ಬಡವನಲ್ಲ. ಭಂಡಾರದಲ್ಲಿ ನಾಲ್ಕು ಕೋಟಿ ಹೊನ್ನು, ವ್ಯಾಪಾರದಲ್ಲಿ ನಾಲ್ಕು ಕೋಟಿ, ಗೃಹೋಪಕರಣಗಳಲ್ಲಿ ನಾಲ್ಕು ಕೋಟಿ. ಹತ್ತು ಸಾವಿರದಂತೆ ನಾಲ್ಕು ಗೋಮಂದೆಗಳು. ಭಗವಾನ್ ಮಹಾವೀರರ ಸಮ್ಮುಖದಲ್ಲಿ ಆತ ಅಷ್ಟೂ ಸಂಪತ್ತನ್ನು ಬಿಡಲಿಲ್ಲ. ಇದಕ್ಕಿಂತ ಹೆಚ್ಚು ಬೇಡ ಎಂದ. ಅನಂತರ ನಿತ್ಯದ ಭೋಗಗಳನ್ನು ಒಂದೊಂದಾಗಿ ಎಣಿಸಿದ. ಹಲ್ಲುಜ್ಜಲು ಹಸಿ ಜ್ಯೇಷ್ಠಮಧುವಿನ ಕಡ್ಡಿ ಮಾತ್ರ, ಸ್ನಾನಕ್ಕೆ ಎಂಟು ಕೊಡ ನೀರು ಮಾತ್ರ, ತುಪ್ಪವೆಂದರೆ ಶರತ್ಕಾಲದ ಹಸುವಿನ ತುಪ್ಪ ಮಾತ್ರ. ಕೋಟಿ ಹೊನ್ನಿನ ಒಡೆಯ ಹಲ್ಲುಕಡ್ಡಿಯನ್ನೂ ಲೆಕ್ಕದಲ್ಲಿ ಹಿಡಿದ. ಇಂದಿನ ಭಾಷೆಯಲ್ಲಿ ಅದು ಮನೆಯ ಬಜೆಟ್ಟು. ಆದರೆ ಕೈಗೆ ಬರುವ ಹಣವನ್ನು ಹಂಚಲು ಮಾಡಿದ ಬಜೆಟ್ಟಲ್ಲ, ಬರಲಿರುವ ಇಚ್ಛೆಯನ್ನು ತಡೆಯಲು ಮಾಡಿದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿರುವುದು ಅರ್ಥಪೂರ್ಣವಾಗಿದೆ.

ಅದೇ ಗ್ರಂಥದಲ್ಲಿ ಭೋಗೋಪಭೋಗ ಪರಿಮಾಣದ ವಿಚಾರ ಬರುತ್ತದೆ. ಒಮ್ಮೆ ಅನುಭವಿಸಿ ಮುಗಿಯುವ ಆಹಾರಾದಿಗಳು ಭೋಗ. ಮತ್ತೆ ಮತ್ತೆ ಅನುಭವಕ್ಕೆ ಬರುವ ವಸ್ತ್ರಾದಿಗಳು ಉಪಭೋಗ. ಸ್ಪೀಕರು, ಆಂಪ್ಲಿಫೈಯರುಗಳು ಉಪಭೋಗದ ಸಾಲಿಗೆ ಸೇರುತ್ತವೆ. ಜೀವಮಾನವಿಡೀ ಪಾಲಿಸುವ ಮಿತಿ ಯಮ. ಕಾಲದ ಅವಧಿಯುಳ್ಳ ಮಿತಿ ನಿಯಮ. ನಿಯಮ ಮಾಡಿಕೊಳ್ಳಬಹುದಾದ ವಿಷಯಗಳನ್ನು ಆಚಾರ್ಯರು ಪಟ್ಟಿ ಮಾಡುವಾಗ ಊಟ, ವಾಹನ, ಹಾಸಿಗೆ, ಸ್ನಾನ, ಹೂವು, ತಾಂಬೂಲ, ಬಟ್ಟೆ, ಒಡವೆಗಳ ಜೊತೆಯಲ್ಲಿ ಸಂಗೀತವನ್ನೂ ಗೀತವನ್ನೂ ಹೆಸರಿಸುತ್ತಾರೆ. ಅವಧಿಯೂ ನಾನಾ ಬಗೆ: ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ. ಧ್ವನಿಮುದ್ರಣವೆಂಬುದನ್ನು ಯಾರೂ ಕನಸಿನಲ್ಲಿಯೂ ಕಾಣದ ಕಾಲದಲ್ಲಿ, ಹಾಡು ಕೇಳಬೇಕಾದರೆ ಹಾಡುವವನೇ ಎದುರಿಗೆ ಇರಬೇಕಾಗಿದ್ದ ಕಾಲದಲ್ಲಿ, ಕಿವಿಯ ಸುಖಕ್ಕೂ ಒಂದು ಎಲ್ಲೆ ಬೇಕೆಂದು ಅವರಿಗೆ ತೋರಿತು.

ಇದರಿಂದ ಜೈನಧರ್ಮಕ್ಕೆ ಸಂಗೀತ ಅಪ್ರಿಯವೆಂದು ಭಾವಿಸಲಾಗದು. ತೀರ್ಥಂಕರರ ಎಂಟು ಮಹಾಪ್ರಾತಿಹಾರ್ಯಗಳಲ್ಲಿ ದಿವ್ಯಧ್ವನಿ, ದೇವದುಂದುಭಿ ಎಂಬ ಎರಡು ಕಿವಿಗೇ ಸಂಬಂಧಿಸಿದವು. ಬಸದಿಗಳಲ್ಲಿ ಪೂಜಾಷ್ಟಕಗಳನ್ನು ರಾಗವಾಗಿ ಹಾಡುತ್ತಾರೆ. ಇಲ್ಲಿನ ಪ್ರಶ್ನೆ ಹಾಡಿನದಲ್ಲ, ಹಾಡನ್ನು ನೆಪವಾಗಿಸಿಕೊಂಡು ಬೆಳೆಯುವ ಸಂಗ್ರಹದ್ದು.

ಆ ಬೆಳವಣಿಗೆಗೆ ಒಂದು ಗಣಿತವುಂಟು. ಆಂಪ್ಲಿಫೈಯರಿನ ಶಕ್ತಿಯನ್ನು 50 ವ್ಯಾಟಿನಿಂದ 100 ವ್ಯಾಟಿಗೆ ಏರಿಸಿದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಇಮ್ಮಡಿ ಗಟ್ಟಿಯೆನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಅಷ್ಟಕ್ಕೂ, ಸಾಧಾರಣ ಕೋಣೆಯಲ್ಲಿ ಹಿತವಾಗಿ ಹಾಡು ಕೇಳುವಾಗ ಸಾಮಾನ್ಯ ಸ್ಪೀಕರು ಬಳಸಿಕೊಳ್ಳುವುದು ಒಂದೆರಡು ವ್ಯಾಟ್ ಮಾತ್ರ. ಕಿವಿಗೆ ದೊರೆಯುವ ಲಾಭ ಮೆಟ್ಟಿಲು ಮೆಟ್ಟಿಲಿಗೂ ಕಿರಿದಾಗುತ್ತ ಹೋಗುತ್ತದೆ, ಬೆಲೆ ಮಾತ್ರ ಜಿಗಿಯುತ್ತ ಹೋಗುತ್ತದೆ. ಅಗ್ಗದ ಸೆಟ್ಟಿನಿಂದ ಮಧ್ಯಮ ದರ್ಜೆಯದಕ್ಕೆ ಹೋದಾಗ ಯಾರಿಗಾದರೂ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿಂದ ಮೇಲೆ ಲಕ್ಷಗಳ ಲೆಕ್ಕ, ವ್ಯತ್ಯಾಸವನ್ನು ಹುಡುಕಿ ಕೇಳಬೇಕು. ಕೇಬಲ್ಲುಗಳ ಬೆಲೆಯ ವಿಚಾರವನ್ನು ಇಲ್ಲಿ ಎತ್ತದಿರುವುದೇ ಲೇಸು.

ಇನ್ನೊಂದು ಲೆಕ್ಕ ಇದಕ್ಕಿಂತ ಕಠಿಣ. ಎಳೆಯ ಮನುಷ್ಯನ ಕಿವಿ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ಧ್ವನಿಯನ್ನು ಗ್ರಹಿಸುತ್ತದೆ. ವಯಸ್ಸಾದಂತೆ ಮೇಲಿನ ಕಂಪನಗಳು ಒಂದೊಂದಾಗಿ ಕಿವಿಯನ್ನು ಬಿಟ್ಟು ಹೋಗುತ್ತವೆ. ಇದು ರೋಗವಲ್ಲ, ಶರೀರದ ಸಹಜ ಕ್ಷಯ. ನೌಕರಿ ಮಾಡುವ ಗೃಹಸ್ಥನಿಗೆ ಕೈಯಲ್ಲಿ ಹಣ ಆಡುವುದು ಮಕ್ಕಳ ಓದು ಮುಗಿದು, ಮನೆಸಾಲ ತೀರಿದ ಐವತ್ತೈದರ ಮೇಲೆ. ಇಪ್ಪತ್ತರ ಹರೆಯದಲ್ಲಿ ಕಿವಿಯಿತ್ತು, ಹಣವಿರಲಿಲ್ಲ. ಈಗ ಅತಿ ಸೂಕ್ಷ್ಮ ಸ್ವರಗಳನ್ನು ಬಿಡಿಸಿ ತೋರಿಸುವ ಸ್ಪೀಕರನ್ನು ಕೊಳ್ಳಬಲ್ಲ. ಅದು ಹೊಮ್ಮಿಸುವ ಮೇಲಿನ ಸ್ವರಗಳು ಪಕ್ಕದಲ್ಲಿ ಆಡುತ್ತಿರುವ ಮೊಮ್ಮಗಳಿಗೆ ಕೇಳಿಸುತ್ತವೆ, ಹಣ ತೆತ್ತ ಅಜ್ಜನಿಗೆ ಕೇಳಿಸುವುದಿಲ್ಲ. ಇಂದ್ರಿಯಸುಖ ಪರಾಧೀನವೆಂದು ಪ್ರವಚನಗಳಲ್ಲಿ ಹೇಳುವುದನ್ನು ಎಲ್ಲರೂ ಕೇಳಿದ್ದಾರೆ. ಅದಕ್ಕೆ ಇದಕ್ಕಿಂತ ನೇರವಾದ ದೃಷ್ಟಾಂತ ದೊರೆಯುವುದು ಕಷ್ಟ.

ಹಾಗಿದ್ದರೂ ಕೊಳ್ಳುವುದು ನಿಲ್ಲುವುದಿಲ್ಲವೇಕೆ? ಪರಿಗ್ರಹ ಪರಿಮಾಣ ವ್ರತಕ್ಕೆ ಸಮಂತಭದ್ರರು ಐದು ಅತಿಚಾರಗಳನ್ನು ಹೇಳುವಾಗ ಅತಿಸಂಗ್ರಹ, ಲೋಭಗಳೊಡನೆ ವಿಸ್ಮಯವನ್ನೂ ಸೇರಿಸುತ್ತಾರೆ. ಪರರ ವೈಭವವನ್ನು ಕಂಡು ಬೆರಗಾಗುವುದೂ ದೋಷವೇ ಎಂಬ ಮಾತು ಮೊದಲಿಗೆ ವಿಚಿತ್ರವೆನಿಸುತ್ತದೆ. ಆದರೆ ಗೆಳೆಯನ ಮನೆಯಲ್ಲಿ ಹೊಸ ಸೆಟ್ಟನ್ನು ಒಂದು ಗಂಟೆ ಕೇಳಿ ಬಂದವನು ಅಂದು ಸಂಜೆ ತನ್ನದನ್ನು ಹಚ್ಚಿದಾಗ ಏನಾಗುತ್ತದೆ? ನಿನ್ನೆಯವರೆಗೆ ತೃಪ್ತಿ ಕೊಟ್ಟ ಯಂತ್ರ ಇಂದು ಮಂಕಾಗಿ ಕೇಳಿಸುತ್ತದೆ. ಸ್ಪೀಕರು ಬದಲಾದರೆ ಆಂಪ್ಲಿಫೈಯರಿನ ಕೊರತೆ ಎದ್ದು ಕಾಣುತ್ತದೆ. ಅದೂ ಬದಲಾದರೆ ತಟ್ಟೆ ತಿರುಗಿಸುವ ಟರ್ನ್‌ಟೇಬಲ್ಲಿನದು. ಕ್ರಮೇಣ ಆತ ಹಾಡನ್ನು ಕೇಳುವುದನ್ನು ಬಿಟ್ಟು ಯಂತ್ರವನ್ನು ಕೇಳತೊಡಗುತ್ತಾನೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿ ಉಂಟಾಗುವ ಮೂರ್ಛೆ ಎಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಲಕ್ಷಣ ಹೇಳಿದುದರ ಅರ್ಥ ಇಲ್ಲಿ ತಿಳಿಯುತ್ತದೆ. ಎರಡು ಸಾವಿರದ ಹೆಡ್‌ಫೋನಿನಲ್ಲಿಯೂ ಆ ಮೂರ್ಛೆ ಇರಬಹುದು, ಎರಡು ಲಕ್ಷದ ಸೆಟ್ಟಿದ್ದೂ ಇಲ್ಲದಿರಬಹುದು.

ಮೂರ್ಛೆಯ ಲಕ್ಷಣ ಹೊರಗೆ ಕಾಣುವುದು ಹೆಚ್ಚಾಗಿ ಲೆಕ್ಕದ ಪುಸ್ತಕದಲ್ಲಿ. ಮೂವತ್ತು ಸಾವಿರ ಕೊಟ್ಟು ತಂದ ವಸ್ತುವಿಗೆ ಮನೆಯಲ್ಲಿ ಹನ್ನೆರಡು ಸಾವಿರವೆಂದು ಹೇಳುವುದು. ಪೆಟ್ಟಿಗೆಯನ್ನು ಕಚೇರಿಯ ವಿಳಾಸಕ್ಕೆ ತರಿಸಿಕೊಳ್ಳುವುದು. 'ಇದು ಹಳೆಯದೇ' ಎನ್ನುವುದು. ಈ ಹವ್ಯಾಸದವರು ಇಂತಹ ಸಂಗತಿಗಳನ್ನು ನಗುತ್ತಲೇ ಹೇಳಿಕೊಳ್ಳುತ್ತಾರೆ. ಪರಿಗ್ರಹದ ಬೆನ್ನಿಗೆ ಸತ್ಯಾಣುವ್ರತವೂ ಸಡಿಲವಾಯಿತೆಂಬುದು ನಗುವಿನಲ್ಲಿ ಮರೆಯಾಗುತ್ತದೆ. ಸಂಬಳ ಒಬ್ಬರ ಹೆಸರಿನಲ್ಲಿ ಬಂದರೂ ಅದು ಮನೆಯವರೆಲ್ಲರ ಅನ್ನ. ಮಗಳ ಕಾಲೇಜು ಶುಲ್ಕವನ್ನು ಮುಂದಿನ ತಿಂಗಳಿಗೆ ದೂಡಿ, ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು 'ಈಗೇನು ಅವಸರ' ಎಂದು ಮುಂದೆ ಹಾಕಿ ಕೇಳಿದ ರಾಗ ಎಷ್ಟು ಶುದ್ಧವಾಗಿದ್ದರೇನು?

ಕಂತಿನ ವ್ಯವಸ್ಥೆ ಬಂದ ಮೇಲೆ ವರಮಾನ ಹಾಕುತ್ತಿದ್ದ ಬೇಲಿಯೂ ಬಿದ್ದುಹೋಗಿದೆ. ಕೈಯಲ್ಲಿ ಹಣವಿಲ್ಲದಿರುವುದು ಈಗ ತಡೆಯಲ್ಲ. ಮುಂದಿನ ಎರಡು ವರ್ಷಗಳ ಗಳಿಕೆಯನ್ನು ಇಂದೇ ಖರ್ಚು ಮಾಡಬಹುದು. ಹೇಳಿದ ಐದು ಅತಿಚಾರಗಳಲ್ಲಿ ಅತಿಭಾರವಹನ ಎಂಬುದೊಂದುಂಟು. ಮೂಲದಲ್ಲಿ ಅದು ಲೋಭದಿಂದ ಎತ್ತುಗಳ ಮೇಲೆ ಮಿತಿಮೀರಿ ಹೇರು ಹೇರುವುದನ್ನು ಕುರಿತದ್ದು. ಇಂದು ಆ ಹೇರು ಬೀಳುವುದು ಮನೆಯವರ ಬೆನ್ನಿನ ಮೇಲೆ. ಲೆಕ್ಕ ತಪ್ಪಿಸುವ ಉಪಾಯಗಳೂ ಹೊಸವೇನಲ್ಲ. ಒಂದೇ ಮನೆ ಎಂದು ವ್ರತ ಹಿಡಿದವನು ಪಕ್ಕದ ಮನೆಯನ್ನೂ ಕೊಂಡು ನಡುವಿನ ಗೋಡೆಯನ್ನು ಕೆಡವಿ 'ಒಂದೇ ಇದೆ' ಎನ್ನುವುದನ್ನು ಹಿಂದಿನ ವ್ಯಾಖ್ಯಾನಕಾರರೇ ದೋಷವೆಂದು ಗುರುತಿಸಿದ್ದಾರೆ. 'ಹೊಸದನ್ನು ಕೊಂಡದ್ದಲ್ಲ, ಹಳೆಯದರ ಬದಲಿಗೆ ತಂದದ್ದು' ಎಂಬ ಸಮಜಾಯಿಷಿ ಅದೇ ಜಾತಿಯದು.

ಖರ್ಚಿಲ್ಲದೆ ಧ್ವನಿ ಉತ್ತಮವಾಗುವ ದಾರಿಗಳೂ ಇವೆ. ಎರಡು ಸ್ಪೀಕರು ಮತ್ತು ಕೇಳುವವನ ಆಸನ ಸಮಬಾಹು ತ್ರಿಭುಜದ ಮೂರು ಮೂಲೆಗಳಲ್ಲಿ ಇರಬೇಕು. ಸ್ಪೀಕರುಗಳ ಎತ್ತರ ಕಿವಿಯ ಮಟ್ಟಕ್ಕೆ ಬರಬೇಕು. ಗೋಡೆಯ ಮೂಲೆಗೆ ಒತ್ತಿ ಇಟ್ಟರೆ ಕೆಳಸ್ವರಗಳು ಊದಿಕೊಳ್ಳುತ್ತವೆ. ಬರಿಯ ನೆಲ, ಬರಿಯ ಗೋಡೆಗಳಿರುವ ಕೋಣೆಯಲ್ಲಿ ಧ್ವನಿ ಪ್ರತಿಫಲಿಸಿ ಕಲಸಿಹೋಗುತ್ತದೆ. ಒಂದು ಜಮಖಾನ, ದಪ್ಪನೆಯ ಪರದೆ, ಪುಸ್ತಕ ತುಂಬಿದ ಕಪಾಟು ಮಾಡುವ ಉಪಕಾರವನ್ನು ಎಷ್ಟೋ ಬಾರಿ ಹೊಸ ಯಂತ್ರವೂ ಮಾಡಲಾರದು. ಇವನ್ನು ಮಾಡಿದ ಮೇಲೂ ಅತೃಪ್ತಿ ಉಳಿದರೆ ಅದು ಕಿವಿಯದೋ ಮನಸ್ಸಿನದೋ ಎಂದು ಕೇಳಿಕೊಳ್ಳಲು ಅವಕಾಶವಾಗುತ್ತದೆ.

ಪಂಪನ ಆದಿಪುರಾಣ ಬಲ್ಲವರಿಗೆ ನೀಲಾಂಜನೆಯ ಪ್ರಸಂಗ ಹೊಸದಲ್ಲ. ವೃಷಭಸ್ವಾಮಿಯ ಆಸ್ಥಾನದಲ್ಲಿ ನರ್ತಿಸುತ್ತಿದ್ದ ಆಕೆಯ ಆಯುಸ್ಸು ನೃತ್ಯದ ನಡುವೆಯೇ ತೀರಿತು. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣದಲ್ಲಿಯೇ ಅಂಥದೇ ಇನ್ನೊಂದು ರೂಪವನ್ನು ನಿರ್ಮಿಸಿ ನಿಲ್ಲಿಸಿದ. ಪ್ರತಿಕೃತಿ ಮೂಲಕ್ಕೆ ಎಷ್ಟು ನಿಷ್ಠವಾಗಿತ್ತೆಂದರೆ ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನೃತ್ಯ ನಡೆದೇ ಇತ್ತು. ತಿಳಿದದ್ದು ವೃಷಭನೊಬ್ಬನಿಗೆ. ಆತನ ಕಣ್ಣು ಸೊಬಗಿನಲ್ಲಿ ಇದ್ದೂ ಅದರಲ್ಲಿ ಮುಳುಗಿರಲಿಲ್ಲ. ಗೃಹಸ್ಥನಿಂದ ಅಷ್ಟನ್ನು ಯಾರೂ ನಿರೀಕ್ಷಿಸುವುದಿಲ್ಲ. ಆತನಿಗೆ ಆಚಾರ್ಯರು ಕೊಟ್ಟಿರುವುದು ಅದಕ್ಕಿಂತ ಬಹಳ ಸುಲಭವಾದ, ಎಣಿಕೆಗೆ ಸಿಗುವ ಸಾಧನ.

ಅದನ್ನು ಆರಂಭಿಸಲು ಆಷಾಢದಿಂದ ದೀಪಾವಳಿಯವರೆಗಿನ ಚಾತುರ್ಮಾಸ ಸೂಕ್ತ ಕಾಲ. ಮನೆಯವರೆಲ್ಲ ಕುಳಿತು, ಅನ್ನ, ಓದು, ಔಷಧ, ಆಪತ್ಕಾಲದ ಉಳಿತಾಯ ಮತ್ತು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ಚತುರ್ವಿಧ ದಾನಕ್ಕೆ ಸಲ್ಲಬೇಕಾದುದನ್ನು ಮೊದಲು ತೆಗೆದಿಡುವುದು. ಅನಂತರ ಸಂಗೀತದ ಬಾಬ್ತಿಗೆ ವರ್ಷಕ್ಕೆ ಇಂತಿಷ್ಟು ಎಂಬ ಅಂಕಿಯನ್ನು ಲೆಕ್ಕದ ಪುಸ್ತಕದಲ್ಲಿ ಎಲ್ಲರಿಗೂ ಕಾಣುವಂತೆ ಬರೆಯುವುದು. ಸಂಬಳ ಏರಿದರೂ ಆ ಅವಧಿ ಮುಗಿಯುವವರೆಗೆ ಅಂಕಿ ಏರಬಾರದು. ಅವಧಿ ಕಳೆದ ಮೇಲೆ ಮತ್ತೆ ಎಲ್ಲರೂ ಕುಳಿತು ನೋಡಬಹುದು. ಹೊಸ ಆಂಪ್ಲಿಫೈಯರಿನ ಆಸೆಯನ್ನು ದೀಪಾವಳಿಯವರೆಗೆ ಮುಂದೂಡಿದ ಮನೆಯಲ್ಲಿ ಹಳೆಯದು ಎಂದಿನಂತೆ ಹಾಡುತ್ತಲೇ ಇರುತ್ತದೆ.